ಚಿಕ್ಕ ಮಿಸ್ ಹೇಳದ ಹೆಸರು

ಆ ಶಾಲೆಗೆ ಒಂದೇ ಮನೆಯಿಂದ ಇಬ್ಬರು ಟೀಚರುಗಳು ಬರುತ್ತಿದ್ದರು. ಒಬ್ಬರು ಅಕ್ಕ, ಇನ್ನೊಬ್ಬಳು ತಮ್ಮನ ಹೆಂಡತಿ. ಯಾರನ್ನು ಏನೆಂದು ಕರೆಯಬೇಕು ಅಂತ ಮಕ್ಕಳು ಹೆಚ್ಚೇನೂ ತಲೆ ಕೆಡಿಸಿಕೊಳ್ಳಲಿಲ್ಲ. ಸಮಾಜ ಹೇಳಿಕೊಡುವ ಅಕ್ಕ ದೊಡ್ಡ ಮಿಸ್ ಆದರು, ವಿಜ್ಞಾನ ಹೇಳಿಕೊಡುವವಳು ಚಿಕ್ಕ ಮಿಸ್ ಆದಳು. ಬರಬರುತ್ತಾ ಹೆಡ್‌ಮಾಸ್ತರೂ ಹಾಗೇ ಕರೆಯತೊಡಗಿದರು. ಕೊನೆಗೆ ಮನೆಯಲ್ಲಿ ಗಂಡನೂ ರೇಗಿಸುವಾಗ ಹೆಂಡತಿಯನ್ನು ಚಿಕ್ಕ ಮಿಸ್ ಎನ್ನುತ್ತಿದ್ದ.

ದೊಡ್ಡ ಮಿಸ್ ಮದುವೆಯಾಗಲಿಲ್ಲ. ಅಪ್ಪ ಅಮ್ಮ ಬೇಗ ಹೋದಮೇಲೆ ತಮ್ಮನನ್ನು ಸಾಕಿ, ಓದಿಸಿ, ಕನ್ನಡಕದ ಅಂಗಡಿ ಹಾಕಿಕೊಟ್ಟವರು ಅವರೇ. ಕೆಳಗೆ ಅಂಗಡಿ, ಮೇಲೆ ಮನೆ. ಚಿಕ್ಕ ಮಿಸ್ ಹೊಸದಾಗಿ ಕೆಲಸಕ್ಕೆ ಸೇರಿದಾಗ ಒಂದು ವರ್ಷ ಅವಳನ್ನು ಸುಮ್ಮನೆ ನೋಡಿಕೊಂಡಿದ್ದು, ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಟಿಫಿನ್ ಡಬ್ಬಿ ಮುಚ್ಚುತ್ತಾ ನೇರವಾಗಿ ಕೇಳಿದ್ದರು: "ನಮ್ಮ ಹುಡುಗನ್ನ ಮದುವೆ ಆಗ್ತೀಯೇನೇ? ಒಳ್ಳೆಯವನು. ಸ್ವಲ್ಪ ಮಂಕು, ಅಷ್ಟೆ." ಅಂಥ ಮಾತಿಗೆ ಇಲ್ಲ ಅನ್ನುವುದು ಹೇಗೆ? ಅವಳು ನಕ್ಕುಬಿಟ್ಟಳು. ಆ ನಗುವೇ ಒಪ್ಪಿಗೆ ಅಂತ ದೊಡ್ಡ ಮಿಸ್ ತೀರ್ಮಾನಿಸಿ ಮುಗಿಸಿದರು.

ಇಂಥ ಅಕ್ಕನ ಎದುರೇ ಚಿಕ್ಕ ಮಿಸ್ ಒಂದು ದಿನ ಕೈ ಎತ್ತಿದಳು.

ಶಾಲೆ ಬಿಟ್ಟಮೇಲೆ ಹೆಡ್‌ಮಾಸ್ತರು ಎಲ್ಲರನ್ನೂ ಕೂರಿಸಿಕೊಂಡು ಮೇಲಿನ ಕಚೇರಿಯ ಹೊಸ ತೀರ್ಮಾನ ತಿಳಿಸುತ್ತಿದ್ದರು. ಹೊರಗಿನಿಂದ ಯಾರೋ ಬಂದು ಶಾಲೆ ಉದ್ಧಾರ ಮಾಡಿ ಹೋಗುವ ಪದ್ಧತಿ ಇನ್ನು ಮುಂದೆ ಇಲ್ಲ. ಶಾಲೆಯೊಳಗಿನವರೇ ಒಬ್ಬರು ತರಬೇತಿ ಪಡೆದು ಬರಬೇಕು. ಬಂದು, ಟೀಚರುಗಳ ತಂಡ ಕಟ್ಟಿ, ಒಬ್ಬರ ಪಾಠ ಇನ್ನೊಬ್ಬರು ನೋಡಿ, ಕೂತು ಮಾತಾಡಿ, ಶಾಲೆಯನ್ನು ಒಳಗಿನಿಂದಲೇ ಸರಿಮಾಡಬೇಕು. ಅಂಥವರಿಗೆ ಸುಗಮಕಾರರು ಅಂತ ಹೆಸರು.

"ಹೆಸರು ಕೇಳಿದ್ರೆ ಹೊಟ್ಟೆ ಸಾಫ್ ಮಾಡೋ ಔಷಧಿ ಇದ್ದ ಹಾಗಿದೆ" ಅಂದರು ಲೆಕ್ಕದ ಮೇಷ್ಟ್ರು. ಪರೀಕ್ಷೆಯಲ್ಲಿ ಧಾರಾಳವಾಗಿ ಸೊನ್ನೆ ಹಂಚುತ್ತಿದ್ದ ಇವರಿಗೆ ಸೊನ್ನೆ ಮೇಷ್ಟ್ರು ಅಂತಲೇ ಹೆಸರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೆಡ್‌ಮಾಸ್ತರು ಮಾತ್ರ ನಗಲಿಲ್ಲ. "ಯಾರಾದ್ರೂ ಒಬ್ಬರು ಹೋಗಲೇಬೇಕು. ನೀವಾಗೇ ಹೇಳ್ತೀರೋ, ನಾನೇ ಬರೆದು ಕಳಿಸಲೋ?" ಅಂದರು.

ನಗು ನಿಂತಿತು. ಒಬ್ಬರು ಕಿಟಕಿ ನೋಡಿದರು, ಇನ್ನೊಬ್ಬರಿಗೆ ಕೆಮ್ಮು ಬಂತು. ಆಗಲೇ ಚಿಕ್ಕ ಮಿಸ್ ಕೈ ಎತ್ತಿದ್ದು. ಪಕ್ಕದಲ್ಲಿದ್ದ ದೊಡ್ಡ ಮಿಸ್ ಮೇಜಿನ ಕೆಳಗೆ ಅವಳ ತೊಡೆ ಚಿವುಟಿದರು. ಕೈ ಇಳಿಯಲಿಲ್ಲ.

ಯಾಕೆ ಎತ್ತಿದಳು ಎಂದರೆ, ಅದಕ್ಕೊಂದು ಕಾರಣವಿತ್ತು. ಹಿಂದಿನ ವಾರ ಫೇಲಾದ ಹುಡುಗಿಯೊಬ್ಬಳನ್ನು ಹತ್ತಿರ ಕರೆದು, "ಯಾಕಮ್ಮಾ, ಪಾಠ ಅರ್ಥ ಆಗಿರಲಿಲ್ವಾ?" ಅಂತ ಕೇಳಿದ್ದಳು. ಹುಡುಗಿ ಬಹಳ ಮರ್ಯಾದೆಯಿಂದ, "ಇಲ್ಲ ಮಿಸ್. ಶುರುವಿಂದಲೂ ಏನೂ ಅರ್ಥ ಆಗ್ತಿರಲಿಲ್ಲ. ಆದ್ರೆ ನೀವು ತುಂಬಾ ಚೆನ್ನಾಗಿ ಹೇಳ್ತೀರಿ" ಅಂದಿತ್ತು. ಆ ಹೊಗಳಿಕೆ ಅವಳಿಗೆ ಕೆನ್ನೆಗೆ ಹೊಡೆದ ಹಾಗಾಗಿತ್ತು. ಅಲ್ಲಿಂದ ಈಚೆಗೆ ಬೋರ್ಡಿನ ಮುಂದೆ ನಿಂತಾಗಲೆಲ್ಲ ತನ್ನ ದನಿ ತನಗೇ ನಾಟಕದವರ ದನಿಯಂತೆ ಕೇಳುತ್ತಿತ್ತು.

ಸಂಜೆ ಊಟಕ್ಕೆ ಕೂತಾಗ ದೊಡ್ಡ ಮಿಸ್ ಶುರುಮಾಡಿದರು. ಅವರದು ಮೊದಲೇ ದೊಡ್ಡ ಗಂಟಲು. ಈಚೆಗಂತೂ ಸಣ್ಣ ಮಾತಿಗೂ ಮನೆ ಹಾರಿಹೋಗುವಂತೆ ಕೂಗುತ್ತಿದ್ದರು.

"ಊರ ಉಸಾಬರಿ ನಿನಗ್ಯಾಕೆ ಬೇಕಿತ್ತು? ನಿನ್ನ ಕ್ಲಾಸು ನೀನು ನೋಡ್ಕೋ, ಅವರ ಕ್ಲಾಸು ಅವರು ನೋಡ್ಕೊಳ್ಳಲಿ. ಇನ್ನೊಬ್ಬರ ಕ್ಲಾಸಲ್ಲಿ ಮೂಗು ತೂರಿಸೋದನ್ನ ಕಲಿಸೋಕೂ ಒಂದು ಟ್ರೇನಿಂಗು!"

"ಅಕ್ಕ, ಕೆಳಗೆ ಗಿರಾಕಿಗಳಿದ್ದಾರೆ, ಮೆಲ್ಲಗೆ" ಅಂದ ತಮ್ಮ.

"ಏನು?"

"ಮೆಲ್ಲಗೆ ಅಂದೆ."

"ಮೆಲ್ಲಗೇ ಮಾತಾಡ್ತಿದ್ದೀನಲ್ಲೋ!" ಅಂತ ಇನ್ನಷ್ಟು ಕೂಗಿದರು.

ಚಿಕ್ಕ ಮಿಸ್ ತಟ್ಟೆಯಿಂದ ತಲೆ ಎತ್ತಿ, "ಅಕ್ಕ, ನಾನು ಹೋಗ್ತೀನಿ" ಎಂದಷ್ಟೇ ಹೇಳಿದಳು. ಅಲ್ಲಿಯವರೆಗೆ ಆ ಮನೆಯಲ್ಲಿ ದೊಡ್ಡ ಮಿಸ್ ಬೇಡ ಅಂದದ್ದನ್ನು ಯಾರೂ ಮಾಡಿರಲಿಲ್ಲ.

ತರಬೇತಿ ನಡೆದದ್ದು ಒಂದು ಹಳೆಯ ಶಾಲೆಯ ಹಾಲಿನಲ್ಲಿ. ಬೇರೆಬೇರೆ ಶಾಲೆಗಳಿಂದ ಬಂದವರಲ್ಲಿ ಅರ್ಧ ಜನಕ್ಕೆ ತಾವು ಯಾಕೆ ಬಂದಿದ್ದೇವೆ ಅಂತಲೇ ಗೊತ್ತಿರಲಿಲ್ಲ. ತರಬೇತಿ ಕೊಡುವಾಕೆ ಗಿಡ್ಡನೆಯ, ಕೀರಲು ದನಿಯ ಹೆಂಗಸು. ಬಹಳ ವರ್ಷ ಪ್ರೈಮರಿ ಶಾಲೆಯ ಹೆಡ್‌ಮಿಸ್ ಆಗಿದ್ದು ಗಂಟಲು ಕೆಡಿಸಿಕೊಂಡಿದ್ದರು. ಮೊದಲ ದಿನವೇ ಎಲ್ಲರನ್ನೂ ಎಬ್ಬಿಸಿಕೊಂಡು ಪಕ್ಕದ ಕ್ಲಾಸಿಗೆ ನುಗ್ಗಿದರು. ಅಲ್ಲೊಬ್ಬ ಟೀಚರು ನಿಜವಾದ ಮಕ್ಕಳಿಗೆ ನಿಜವಾದ ಪಾಠ ಮಾಡುತ್ತಿದ್ದರು. ವಾಪಸು ಬಂದಮೇಲೆ ಕೇಳಿದರು: "ಏನು ನೋಡಿದ್ರಿ?"

ಬೋರ್ಡು ನೀಟಾಗಿತ್ತು ಅಂದರು ಒಬ್ಬರು. ದನಿ ಸ್ಪಷ್ಟವಾಗಿತ್ತು ಅಂದರು ಇನ್ನೊಬ್ಬರು. ಚಿಕ್ಕ ಮಿಸ್ ತಾನೂ ಬಿಡದೆ, ಕ್ಲಾಸಿನ ಮೇಲೆ ಹಿಡಿತ ಚೆನ್ನಾಗಿತ್ತು ಅಂದಳು.

"ಟೀಚರನ್ನ ನೋಡಿದ್ದೀರಿ, ಸರಿ. ಮಕ್ಕಳು ಏನು ಮಾಡ್ತಿದ್ರು?"

ಒಬ್ಬರೂ ಮಕ್ಕಳ ಕಡೆ ನೋಡಿರಲಿಲ್ಲ.

ಆಮೇಲಿನ ದಿನಗಳೆಲ್ಲ ಅದೇ ಅಭ್ಯಾಸ. ಮಕ್ಕಳನ್ನು ನೋಡುವುದು, ನೋಡಿದ್ದನ್ನು ನೋಡಿದಷ್ಟೇ ಹೇಳುವುದು. ಚೆನ್ನಾಗಿತ್ತು, ಚೆನ್ನಾಗಿರಲಿಲ್ಲ ಅನ್ನುವ ಹಾಗಿಲ್ಲ. ಕೇಳಿದಷ್ಟು ಸುಲಭವಲ್ಲ ಅದು. ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ ಮಾತಾಡಿಸಿದಾಗ ಚಿಕ್ಕ ಮಿಸ್ ಎರಡೇ ಮಾತಿಗೆ ಉಪದೇಶಕ್ಕಿಳಿದಳು. ತರಬೇತಿಯ ಹೆಂಗಸು ಅವಳ ಭುಜ ತಟ್ಟಿ, "ಬುದ್ಧಿ ಹೇಳೋ ಚಟ ಬಿಡಿ ತಾಯಿ. ಅದು ನಮ್ಮ ಜಾಡ್ಯ. ಕೇಳಿಸ್ಕೊಳ್ಳಿ ಮೊದಲು" ಅಂದರು. ಎಲ್ಲರ ಎದುರು ಅವಳ ಮುಖ ಕೆಂಪಾಯಿತು. ಆದರೂ ಮಾತು ಸರಿ ಅನ್ನಿಸಿತು.

ಕೊನೆಯ ದಿನ ಆ ಹೆಂಗಸು ಹೇಳಿದ್ದು ಒಂದೇ ವಿಷಯ. "ಇನ್ನೊಬ್ಬ ಟೀಚರು ತನ್ನ ಕ್ಲಾಸಿನ ಬಾಗಿಲು ನಿಮಗೆ ತೆಗೆದ್ರೆ ಅದು ನಂಬಿಕೆಯಿಂದ ತೆಗೆದದ್ದು. ಅಲ್ಲಿ ಕಂಡಿದ್ದನ್ನ ಮೇಲಿನವರ ಕಿವಿಗೆ ಹಾಕಿದ ದಿನ ಬಾಗಿಲು ಮುಚ್ಚುತ್ತೆ. ಆಮೇಲೆ ನೀವು ತಲೆ ಚಚ್ಚಿಕೊಂಡ್ರೂ ತೆಗೆಯಲ್ಲ. ಕೇಳ್ತಾರೆ ನಿಮ್ಮನ್ನ. ಪ್ರೀತಿಯಿಂದ ಕೇಳ್ತಾರೆ, ಹೆದರಿಸಿ ಕೇಳ್ತಾರೆ. ಏನು ಮಾಡ್ತೀರಿ ಅನ್ನೋದನ್ನ ಇವತ್ತೇ ಯೋಚನೆ ಮಾಡಿಟ್ಕೊಳ್ಳಿ."

ಶಾಲೆಗೆ ಮರಳಿದಾಗ ಹೆಡ್‌ಮಾಸ್ತರು ಅವಳಿಗೆ ಹಿಂದಿನ ಲ್ಯಾಬ್ ಕೋಣೆ ಬಿಟ್ಟುಕೊಟ್ಟರು. ಮೊದಲ ಸಭೆಗೆ ಬಂದವರೆಲ್ಲ ಗಡಿಯಾರ ನೋಡುತ್ತಾ ಕೂತರು. ಯಾರ ಕ್ಲಾಸಿಗೂ ಯಾರೂ ಬರುವುದು ಬೇಡ ಅಂತ ಮೊದಲೇ ಮಾತಾಡಿಕೊಂಡೇ ಬಂದಿದ್ದರು.

"ಸರಿ" ಅಂದಳು ಚಿಕ್ಕ ಮಿಸ್. "ನಾನು ಯಾರ ಕ್ಲಾಸಿಗೂ ಬರಲ್ಲ. ನೀವು ನನ್ನ ಕ್ಲಾಸಿಗೆ ಬನ್ನಿ. ನಾನು ಪಾಠ ಮಾಡ್ತೀನಿ, ನೀವು ಮಕ್ಕಳನ್ನ ನೋಡಿ. ಕಂಡಿದ್ದನ್ನ ಮುಲಾಜಿಲ್ಲದೆ ಹೇಳಿ."

ಪುಕ್ಕಟೆ ಮಜಾ ಯಾರು ಬಿಡುತ್ತಾರೆ? ಮಾರನೆಯ ದಿನ ಸೊನ್ನೆ ಮೇಷ್ಟ್ರು ಎಲ್ಲರಿಗಿಂತ ಮೊದಲೇ ಬಂದು ಹಿಂದಿನ ಬೆಂಚಿನಲ್ಲಿ ಕಾಲು ಚಾಚಿಕೊಂಡು ಕೂತರು. ವಿದ್ಯುತ್ತಿನ ಪಾಠ. ಗುಂಪಿಗೊಂದು ಬ್ಯಾಟರಿ, ತಂತಿ, ಪುಟ್ಟ ಬಲ್ಬು. ಒಂದೊಂದೇ ಗುಂಪಿನ ಬಲ್ಬು ಹತ್ತಿಕೊಂಡಾಗ ಮಕ್ಕಳು ಓಹೋ ಎಂದರು. ಚಿಕ್ಕ ಮಿಸ್‌ಗೆ ಒಳಗೊಳಗೇ ಹೆಮ್ಮೆಯೆನಿಸಿತು. ಇವತ್ತು ಗೆದ್ದೆ ಅಂದುಕೊಂಡಳು.

ಸಂಜೆ ಸೊನ್ನೆ ಮೇಷ್ಟ್ರು ಬಾಯಿ ತೆಗೆದರು. ಅವರ ಮುಖದಲ್ಲಿ ತಮಾಷೆ ಇರಲಿಲ್ಲ, ಅದೇ ಆಶ್ಚರ್ಯ. "ನನ್ನ ಮುಂದಿನ ಗುಂಪಲ್ಲಿ ನಾಲ್ಕು ಮಕ್ಕಳಿದ್ರು ಮೇಡಂ. ತಂತಿ ಮುಟ್ಟಿದ್ದು ಒಬ್ಬನೇ. ಒಂದು ಹುಡುಗಿ ಎರಡು ಸಲ ಕೈ ಚಾಚಿದಳು, ಅವನು ಕೊಡಲಿಲ್ಲ. ಬಲ್ಬು ಹತ್ತಿದಾಗ ಅವಳೂ ಚಪ್ಪಾಳೆ ತಟ್ಟಿದಳು. ಚಿತ್ರ ಬರೆದದ್ದು ಮಾತ್ರ ಪಕ್ಕದವನದ್ದು ನೋಡಿಕೊಂಡು."

ಚಿಕ್ಕ ಮಿಸ್‌ನ ಹೆಮ್ಮೆ ಜರ್ರನೆ ಇಳಿಯಿತು. ಸಮಜಾಯಿಷಿ ನಾಲಿಗೆ ತುದಿಗೇ ಬಂದಿತ್ತು: ಸಾಮಾನು ಕಮ್ಮಿ, ಸಮಯ ಕಮ್ಮಿ. ಅದನ್ನೆಲ್ಲ ನುಂಗಿಕೊಂಡು, "ನನಗೆ ಕಾಣಲೇ ಇಲ್ಲ ಮೇಷ್ಟ್ರೇ. ನಾಳೆ ಏನು ಮಾಡಲಿ, ಹೇಳಿ" ಅಂದಳು.

ಹಾಗೆ ಕೇಳಿದ ಮೇಲೆ ಕೋಣೆಯ ಗಾಳಿಯೇ ಬದಲಾಯಿತು. ತಂತಿಯನ್ನು ಸರದಿಯಲ್ಲಿ ಕೊಡಿ ಅಂದರು ಒಬ್ಬರು. ಬಲ್ಬು ಹತ್ತದ ಹಾಗೆ ಬೇಕಂತಲೇ ತಪ್ಪು ಜೋಡಿಸಿ ಕೊಡಿ, ಎಲ್ಲಿ ತಪ್ಪಿದೆ ಅಂತ ನಾಲ್ವರೂ ಹುಡುಕಲಿ ಅಂದರು ಇನ್ನೊಬ್ಬರು. ಗಡಿಯಾರ ನೋಡುವುದನ್ನು ಎಲ್ಲರೂ ಮರೆತರು. ವಾರ ಕಳೆಯುವುದರೊಳಗೆ ಸೊನ್ನೆ ಮೇಷ್ಟ್ರು ತಾವಾಗೇ, "ನನ್ನ ಭಿನ್ನರಾಶಿ ಕ್ಲಾಸಿಗೆ ಬನ್ನಿ. ಆದ್ರೆ ನಗಬೇಡಿ" ಅಂದರು. ಬೋರ್ಡಿನ ಮೇಲೆ ಅವರೇ ಒಂದು ಲೆಕ್ಕ ತಪ್ಪು ಬಿಡಿಸಿದರು. ಅದನ್ನು ಹಿಡಿದ ಹುಡುಗನಿಗೆ ಅದನ್ನು ಹೇಳುವ ಧೈರ್ಯ ಬರಲಿಲ್ಲ. ಸಂಜೆ ಆ ವಿಷಯ ಬಂದಾಗ ಮೇಷ್ಟ್ರು ಬಹಳ ಹೊತ್ತು ಬೋಳುತಲೆ ಸವರಿಕೊಂಡರು. ಆದರೆ ಮುಂದಿನ ಸಭೆಯನ್ನು ತಪ್ಪಿಸಲಿಲ್ಲ. ಹೀಗೆ ಒಂದೊಂದೇ ಬಾಗಿಲು ತೆರೆಯಿತು.

ತೆರೆಯದೆ ಉಳಿದದ್ದು ದೊಡ್ಡ ಮಿಸ್ ಬಾಗಿಲು ಮಾತ್ರ. ಅವರು ಸಭೆಗೇ ಬರುತ್ತಿರಲಿಲ್ಲ. ಅವರ ಕ್ಲಾಸಿನ ಬಗ್ಗೆ ಅಪ್ಪ ಅಮ್ಮಂದಿರ ದೂರು ಒಂದೆರಡು ಬಂದಿದ್ದವು. ಪುಸ್ತಕ ಓದುತ್ತಾ ಹೋಗುತ್ತಾರೆ, ಮಕ್ಕಳು ಗೆರೆ ಎಳೆಯುತ್ತಾ ಹೋಗುತ್ತಾರೆ, ಪ್ರಶ್ನೆ ಕೇಳುವ ಹಾಗಿಲ್ಲ. ಮನೆಯಲ್ಲಿ ಒಮ್ಮೆ ಚಿಕ್ಕ ಮಿಸ್ ಮೆಲ್ಲಗೆ ಮಾತು ತೆಗೆದದ್ದಕ್ಕೆ ದೊಡ್ಡ ಮಿಸ್ ಕೈಲಿದ್ದ ತಟ್ಟೆ ಕುಕ್ಕಿದರು.

"ನಾನು ಹುಡುಕಿ ತಂದ ಹುಡುಗಿ ನೀನು! ನನ್ನ ಕ್ಲಾಸಿಗೆ ನೀನು ಇನ್‌ಸ್ಪೆಕ್ಟರ್ ಆಗಿ ಬರ್ತೀಯಾ?"

"ಇನ್‌ಸ್ಪೆಕ್ಟರ್ ಅಲ್ಲ ಅಕ್ಕ."

"ಏನಂದೆ? ಗೊಣಗಬೇಡ! ಹೇಳೋದನ್ನ ಬಾಯಿ ಬಿಟ್ಟು ಹೇಳು!"

ಅವಳು ಮತ್ತೆ ಆ ಮಾತೆತ್ತಲಿಲ್ಲ. ಅತ್ತೆ ಮಾವ ಇಲ್ಲದ ಮನೆ ಅಂತ ತವರಿನವರು ಖುಷಿಪಟ್ಟಿದ್ದರು. ಇಬ್ಬರ ಜಾಗವನ್ನೂ ಒಬ್ಬರೇ ತುಂಬಿದ್ದಾರೆ ಅಂತ ಅವಳಿಗೆ ಆ ದಿನಗಳಲ್ಲಿ ಅನ್ನಿಸುತ್ತಿತ್ತು.

ಹಾಗಿರುವಾಗ ಒಂದು ಸಂಜೆ, ಒಗೆದ ಬಟ್ಟೆ ಮಡಿಸುತ್ತಾ ದೊಡ್ಡ ಮಿಸ್ ಅವಳ ಮುಖ ನೋಡದೆಯೇ ಹೇಳಿದರು: "ನಾಳೆ ಊಟಕ್ಕೆ ಮುಂಚಿನ ಪೀರಿಯಡ್ಡಿಗೆ ಬಾ. ನೀನೊಬ್ಬಳೇ. ಆ ಸೊನ್ನೆ ಬಂದ್ರೆ ಡಸ್ಟರ್ ಎಸೀತೀನಿ."

ಚಿಕ್ಕ ಮಿಸ್ ಹೋಗಿ ಕಿಟಕಿ ಬದಿಯಲ್ಲಿ ಕೂತಳು. ಟೀಚರನ್ನು ನೋಡಬಾರದು, ಮಕ್ಕಳನ್ನು ನೋಡಬೇಕು. ನೋಡಿದಳು. ದೊಡ್ಡ ಮಿಸ್ ಓದುತ್ತಿದ್ದರು, ಮಕ್ಕಳು ಗೆರೆ ಎಳೆಯುತ್ತಿದ್ದರು. ಮೂರನೆಯ ಬೆಂಚಿನ ಎರಡು ಜಡೆಯ ಹುಡುಗಿ ಕೈ ಎತ್ತದೆ ಕೂತಲ್ಲಿಂದಲೇ ಕೇಳಿತು: "ಮಿಸ್, ರಾಜ ಸೋತ ಮೇಲೆ ಅವನ ಸೈನಿಕರು ಏನಾದ್ರು?" ಒಳ್ಳೆಯ ಪ್ರಶ್ನೆ. ದೊಡ್ಡ ಮಿಸ್ ಓದು ನಿಲ್ಲಿಸಲಿಲ್ಲ. ಹುಡುಗಿ ಇನ್ನೊಮ್ಮೆ ಕೇಳಿತು, ಮತ್ತೊಮ್ಮೆ ಕೇಳಿತು. ಪಕ್ಕದವನು ಕಿಸಕ್ಕನೆ ನಕ್ಕು ಕಿವಿಯ ಹತ್ತಿರ ಬೆರಳು ಆಡಿಸಿದ. ಹುಡುಗಿ ತಲೆ ತಗ್ಗಿಸಿ ಗೆರೆ ಎಳೆಯತೊಡಗಿತು.

ಚಿಕ್ಕ ಮಿಸ್‌ಗೆ ಮನೆಯ ಕೂಗಾಟ, "ಗೊಣಗಬೇಡ" ಅನ್ನುವ ಗದರಿಕೆ, ಗೋಡೆ ನಡುಗುವಷ್ಟು ಜೋರಾಗಿ ಇಡುವ ಟೀವಿ, ಎಲ್ಲ ಒಟ್ಟೊಟ್ಟಿಗೆ ಅರ್ಥವಾದವು. ಅದೆಲ್ಲ ಸಿಟ್ಟಲ್ಲ, ಕಿವಿ. ಊರವರ ಕಣ್ಣು ಪರೀಕ್ಷೆ ಮಾಡುವ ತಮ್ಮನಿಗೆ ಸ್ವಂತ ಅಕ್ಕನ ಕಿವಿ ಗೊತ್ತಾಗಿರಲಿಲ್ಲ. ತನಗೇನು ಗೊತ್ತಾಗಿತ್ತು?

ಮಕ್ಕಳು ಊಟಕ್ಕೆ ಹೋದಮೇಲೆ ಬಾಗಿಲು ಹಾಕಿಕೊಂಡು ಇಬ್ಬರೂ ಎದುರುಬದುರು ಕೂತರು.

"ಹೇಳು, ಏನು ಕಂಡೆ?" ಅಂದರು ದೊಡ್ಡ ಮಿಸ್, ಅವಳ ತುಟಿಯನ್ನೇ ನೋಡುತ್ತಾ.

ಹೇಳಬೇಕಾದದ್ದು ನೂರು ಮಾತಿತ್ತು. ಚಿಕ್ಕ ಮಿಸ್ ಕಂಡಷ್ಟನ್ನೇ ಹೇಳಿದಳು. "ಮೂರನೇ ಬೆಂಚಿನ ಹುಡುಗಿ ಸೋತ ರಾಜನ ಸೈನಿಕರು ಏನಾದ್ರು ಅಂತ ಕೇಳಿದಳು. ಮೂರು ಸಲ."

ದೊಡ್ಡ ಮಿಸ್ ತುಂಬಾ ಹೊತ್ತು ಸೀಮೆಸುಣ್ಣದ ತುಂಡೊಂದನ್ನು ಬೆರಳಲ್ಲಿ ಹೊರಳಿಸಿದರು. "ಎಡಗಿವಿ ಪೂರ್ತಿ ಹೋಗಿದೆ ಕಣೇ. ಬಲಗಿವಿ ಅರ್ಧ" ಅಂದರು ಕೊನೆಗೆ. ಅವರ ದನಿ ಮೊದಲ ಸಲ ಅಷ್ಟು ತಗ್ಗಿತ್ತು. "ಪ್ರಶ್ನೆ ಕೇಳಿ ಅಂದ್ರೆ ಕೇಳ್ತಾರೆ. ಕೇಳಿದ್ದು ನನಗೆ ಕೇಳಲ್ಲ. ಅದಕ್ಕೇ ಕೇಳಬೇಡಿ ಅಂದೆ. ಗೊತ್ತಾದ್ರೆ ಮನೆಗೆ ಕಳಿಸ್ತಾರೆ. ಇದು ಬಿಟ್ರೆ ನನಗೇನಿದೆ ಹೇಳು?"

"ನನ್ನನ್ನ ಯಾಕೆ ಕರೆದ್ರಿ ಮತ್ತೆ?"

"ಮುಚ್ಚಿಟ್ಟೂ ಮುಚ್ಚಿಟ್ಟೂ ಸಾಕಾಗಿತ್ತು. ಯಾರಾದ್ರೂ ಒಬ್ಬರು ನೋಡ್ಲಿ ಅನ್ನಿಸ್ತು." ಅವಳ ಕೈ ಹಿಡಿದುಕೊಂಡರು. "ಇದು ಈ ರೂಮಿಂದ ಆಚೆ ಹೋಗಬಾರದು. ಆ ನನ್ನ ತಮ್ಮನಿಗೂ ಗೊತ್ತಾಗಬಾರದು."

"ಹೋಗಲ್ಲ ಅಕ್ಕ."

ಅಂದಿನಿಂದ ಇಬ್ಬರೂ ಸೇರಿ ಗುಟ್ಟಾಗಿ ಉಪಾಯ ಹೂಡಿದರು. ಬೆಂಚುಗಳನ್ನು ಅರ್ಧಚಂದ್ರದ ಹಾಗೆ ತಿರುಗಿಸಿದರು. ಎಲ್ಲ ಮಕ್ಕಳ ಮುಖವೂ ದೊಡ್ಡ ಮಿಸ್‌ಗೆ ಕಾಣುವಂತಾಯಿತು. ಪ್ರಶ್ನೆ ಇದ್ದವರು ಎದ್ದು ಬಂದು ಬಲಗಡೆ ನಿಂತು ಕೇಳಬೇಕು ಅಂತ ನಿಯಮ ಮಾಡಿದರು. ಅದು ಮಕ್ಕಳಿಗೆ ಆಟದ ಹಾಗೆ ರುಚಿಸಿ, ಬಲಗಡೆ ಸಾಲು ನಿಲ್ಲತೊಡಗಿತು. ಎರಡು ಜಡೆಯ ಹುಡುಗಿಯಂತೂ ದಿನಾ ಬರುತ್ತಿತ್ತು. ಸೈನಿಕರು ಏನಾದರು ಅನ್ನುವುದಕ್ಕೆ ಉತ್ತರ ಪುಸ್ತಕದಲ್ಲಿರಲಿಲ್ಲ. ಒಂದು ವಾರವಿಡೀ ಇಡೀ ಕ್ಲಾಸು ಅದರ ಮೇಲೆ ಜಗಳವಾಡಿತು. ದೊಡ್ಡ ಮಿಸ್ ಮನೆಗೆ ಬಂದು ಅದನ್ನೇ ಹೇಳುತ್ತಾ ಹೇಳುತ್ತಾ ತಟ್ಟೆಯ ಊಟ ತಣ್ಣಗಾಗಿಸುತ್ತಿದ್ದರು.

ಅಷ್ಟು ಹೊತ್ತಿಗೆ ಮೇಲಿನ ಕಚೇರಿಯ ಅಧಿಕಾರಿ ಬಂದರು.

ಅವರು ಕೂಗಾಡುವ ಮನುಷ್ಯನಲ್ಲ. ಇಸ್ತ್ರಿ ಅಂಗಿ, ನಯವಾದ ಮಾತು. ಹೆಡ್‌ಮಾಸ್ತರ ಕೋಣೆಗೆ ಚಿಕ್ಕ ಮಿಸ್ಸನ್ನು ಕರೆಸಿ, ಕೂರಲು ಹೇಳಿ, ಟೀ ತರಿಸಿಕೊಟ್ಟರು. ತಂಡದ ಕೆಲಸ ಚೆನ್ನಾಗಿದೆಯಂತೆ ಅಂತ ಹೊಗಳಿದರು. ಆಮೇಲೆ ಬಂದ ಕೆಲಸಕ್ಕೆ ಬಂದರು.

"ನೀವು ಎಲ್ಲರ ಕ್ಲಾಸೂ ನೋಡಿದ್ದೀರಿ. ನಿಮ್ಮಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲ್ಲ. ಪ್ರತಿ ಶಾಲೆಯಿಂದ ಇಬ್ಬರು ದುರ್ಬಲ ಟೀಚರುಗಳ ಹೆಸರು ಬೇಕಾಗಿದೆ. ಬರೆದು ಕೊಡೋದು ಬೇಡ, ಬಾಯಲ್ಲಿ ಹೇಳಿ ಸಾಕು."

ಅವಳ ಕೈಯಲ್ಲಿ ಟೀ ಲೋಟ ಇನ್ನೂ ಬಿಸಿಯಾಗಿತ್ತು. ತರಬೇತಿಯ ಹೆಂಗಸು ಯೋಚನೆ ಮಾಡಿಟ್ಕೊಳ್ಳಿ ಅಂದಿದ್ದರು. ಮಾಡಿಟ್ಟುಕೊಂಡಿದ್ದಳು ಕೂಡ.

"ಹೇಳೋಕಾಗಲ್ಲ ಸಾರ್."

"ಯಾರೂ ದುರ್ಬಲರಿಲ್ಲ ಅಂತಾನಾ?"

"ಎಲ್ಲರೂ ಒಂದೊಂದು ಕಡೆ ದುರ್ಬಲರೇ. ನಾನೂ ಸೇರಿ. ಅದನ್ನ ನಾವು ನಮ್ಮಲ್ಲೇ ಕೂತು ಮಾತಾಡ್ತೀವಿ. ಆಚೆ ಹೇಳಲ್ಲ."

ಅಧಿಕಾರಿ ನಕ್ಕರು. "ನಿಮ್ಮ ಗಂಡನ ಅಕ್ಕ ಇದೇ ಶಾಲೆಯಲ್ಲಿದ್ದಾರಲ್ಲ? ಅವರ ಮೇಲೆ ದೂರು ಬಂದಿದೆ. ಮನೆಯವರು ಅಂತ ಮುಚ್ಚಿಡ್ತಿದ್ದೀರಾ?"

ಹೆಡ್‌ಮಾಸ್ತರು ಮೇಜಿನ ಮೇಲಿನ ಗಾಜನ್ನು ನೋಡತೊಡಗಿದರು. ಚಿಕ್ಕ ಮಿಸ್ ಒಂದು ಮಾತು ಹೇಳಿದರೆ ಸಾಕಿತ್ತು. ಅಕ್ಕನ ಹೆಸರು ಹೇಳಿಬಿಟ್ಟರೆ ಮನೆಯವರನ್ನು ಕಾಪಾಡಿದಳು ಅನ್ನುವ ಅಪವಾದ ಅಲ್ಲೇ ಕಳಚಿಬೀಳುತ್ತಿತ್ತು. ಬೇರೆ ಯಾರದೋ ಹೆಸರು ಹೇಳಿದರೆ ಅಕ್ಕ ಉಳಿಯುತ್ತಿದ್ದರು. ಅವಳು ಲೋಟವನ್ನು ಮೇಜಿನ ಮೇಲಿಟ್ಟಳು.

"ಮನೆಯವರ ಹೆಸರೂ ಹೇಳಲ್ಲ, ಹೊರಗಿನವರ ಹೆಸರೂ ಹೇಳಲ್ಲ."

"ಹಾಗಾದ್ರೆ ಅಷ್ಟು ದಿನ ಕೂರಿಸಿ ನಿಮಗೆ ತರಬೇತಿ ಕೊಟ್ಟದ್ದು ಯಾಕಮ್ಮಾ?"

"ಇದಕ್ಕೇ ಸಾರ್. ಹೇಳದೇ ಇರೋದಕ್ಕೆ."

ನಯವಾದ ಮುಖ ಬಿಗಿಯಿತು. "ಶಾಲೆ ಸುಧಾರಿಸಬೇಕು ಅಂತ ನಿಮಗೆ ಆಸೆ ಇದ್ದ ಹಾಗಿಲ್ಲ."

ಚಿಕ್ಕ ಮಿಸ್ ಎದ್ದು ನಿಂತಳು. "ಸುಧಾರಣೆ ನೋಡಬೇಕು ಅಂದ್ರೆ ಒಂದು ದಿನ ಬನ್ನಿ ಸಾರ್. ನನ್ನ ಮಕ್ಕಳಿಗೆ ಒಂದು ಪೀರಿಯಡ್ ನೀವು ಪಾಠ ಮಾಡಿ. ನಾವೆಲ್ಲ ಹಿಂದೆ ಕೂತು ನೋಡ್ತೀವಿ. ಆಮೇಲೆ ಕಂಡಿದ್ದನ್ನ ನಿಮಗೆ ಮಾತ್ರ ಹೇಳ್ತೀವಿ. ನಿಮ್ಮ ಮೇಲಿನವರಿಗೆ ಹೇಳಲ್ಲ."

ಆ ಕೋಣೆಯಲ್ಲಿ ಅಂಥ ಮಾತನ್ನು ಯಾರೂ ಆಡಿರಲಿಲ್ಲ. ಹೆಡ್‌ಮಾಸ್ತರು ಕೆಮ್ಮಿದರು. ಅಧಿಕಾರಿ ಅರ್ಧ ಟೀ ಬಿಟ್ಟು ಎದ್ದು ಹೋದರು.

ಆ ವಾರವೇ ಅವಳನ್ನು ಸುಗಮಕಾರರ ಕೆಲಸದಿಂದ ತೆಗೆದರು. ಲ್ಯಾಬ್ ಕೋಣೆಗೆ ಬೀಗ ಬಿತ್ತು. ಮುಂದಿನ ವ್ಯವಸ್ಥೆ ಆಗುವವರೆಗೆ ತಂಡದ ಸಭೆ ಇಲ್ಲ, ಯಾರೂ ಯಾರ ಕ್ಲಾಸಿಗೂ ಹೋಗುವಂತಿಲ್ಲ ಅಂದರು ಹೆಡ್‌ಮಾಸ್ತರು. "ನನ್ನ ಕೈಲಿ ಏನಿಲ್ಲಮ್ಮ. ವರ್ಗಾವಣೆ ಮಾಡಿದ್ರೂ ಮಾಡಬಹುದು" ಅಂತ ಮೆಲುದನಿಯಲ್ಲಿ ಸೇರಿಸಿದರು.

"ಮಾಡ್ಲಿ ಸಾರ್. ಎಲ್ಲಿ ಹೋದ್ರೂ ಮಕ್ಕಳಿರ್ತಾರೆ" ಅಂದಳು. ಅಂದದ್ದೇನೋ ಧೈರ್ಯವಾಗಿಯೇ. ಕಾರಿಡಾರಿಗೆ ಬಂದಮೇಲೆ ನಲ್ಲಿಯ ಹತ್ತಿರ ನಿಂತು ಎರಡು ಸಲ ಮುಖ ತೊಳೆದುಕೊಂಡಳು.

ಸ್ಟಾಫ್ ರೂಮಿನಲ್ಲಿ ಗುಸುಗುಸು ಎದ್ದಿತ್ತು. ಸೊನ್ನೆ ಮೇಷ್ಟ್ರಿಗೆ ಹೊಟ್ಟೆಯಲ್ಲಿಟ್ಟುಕೊಂಡು ಅಭ್ಯಾಸವಿಲ್ಲ. ಎಲ್ಲರ ಎದುರೇ ಅಂದುಬಿಟ್ಟರು: "ನಿಮ್ಮ ಗಂಡನ ಅಕ್ಕ ಒಬ್ಬರನ್ನ ಉಳಿಸೋಕೆ ಹೋಗಿ ಇಡೀ ತಂಡ ಮುಳುಗಿಸಿದ್ರಿ. ದಿನಾ ಒಟ್ಟಿಗೆ ಉಣ್ಣೋರು, ಪಾಪ, ಕಷ್ಟ ಆಗುತ್ತೆ ಬಿಡಿ."

ದೊಡ್ಡ ಮಿಸ್ ಅಲ್ಲೇ ಮೂಲೆಯಲ್ಲಿ ಕೂತಿದ್ದರು. ಆ ಮಾತು ಅವರಿಗೆ ಕೇಳಿಸಿತೋ ಇಲ್ಲವೋ ಚಿಕ್ಕ ಮಿಸ್‌ಗೆ ತಿಳಿಯಲಿಲ್ಲ.

"ಮೇಷ್ಟ್ರೇ, ನಿಮ್ಮ ಹೆಸರನ್ನೂ ಹೇಳಲಿಲ್ಲ ನಾನು. ಬೋರ್ಡಿನ ಮೇಲಿನ ಆ ಭಿನ್ನರಾಶಿ ಇನ್ನೂ ನನ್ನ ಹೊಟ್ಟೆಯಲ್ಲೇ ಇದೆ. ಅದು ಯಾವ ನೆಂಟಸ್ತಿಕೆಗೆ ಅಂತೀರಿ?"

ಯಾರೋ ಒಬ್ಬರು ನಗು ತಡೆದುಕೊಳ್ಳಲಾರದೆ ಸೀನಿದಂತೆ ಮಾಡಿದರು.

ಆಗ ಮೂಲೆಯಿಂದ ಕುರ್ಚಿ ಎಳೆದ ಸದ್ದಾಯಿತು. ದೊಡ್ಡ ಮಿಸ್ ಎದ್ದು ಬಂದು ಕೋಣೆಯ ನಡುವೆ ನಿಂತರು. ಕೇಳಿಸದಿದ್ದರೂ ತುಟಿ ಓದುವುದರಲ್ಲಿ ಅವರು ಪಳಗಿದ್ದರು.

"ಎಲ್ಲರೂ ಕೇಳಿ" ಅಂದರು, ಎಂದಿನಂತೆ ಗೋಡೆ ನಡುಗುವ ಹಾಗೆ. "ನನಗೆ ಎಡಗಿವಿ ಕೇಳಲ್ಲ. ಬಲಗಿವಿ ಅರ್ಧ ಕೇಳುತ್ತೆ. ಇದು ಇವಳಿಗೆ ಆವತ್ತೇ ಗೊತ್ತಾಯ್ತು. ನನ್ನ ತಮ್ಮನಿಗೂ ಹೇಳಲಿಲ್ಲ ಇವಳು. ಒಂದೇ ಹಾಸಿಗೆಯಲ್ಲಿ ಮಲಗೋ ಗಂಡನಿಗೆ ಹೇಳದವಳು ಆ ಸಾಹೇಬನಿಗೆ ಹೇಳ್ತಾಳಾ?"

ಸೊನ್ನೆ ಮೇಷ್ಟ್ರು ನೆಲ ನೋಡಿದರು. ಚಿಕ್ಕ ಮಿಸ್, "ಅಕ್ಕ, ಬೇಡ..." ಅಂತ ತೋಳು ಹಿಡಿದಳು.

"ಬಿಡೇ! ಹೋದ್ರೆ ಹೋಗುತ್ತೆ ಕೆಲಸ. ಹೆದರಿ ಹೆದರಿ ಸಾಕಾಯ್ತು ನನಗೆ. ನಾಳೆ ಎರಡನೇ ಪೀರಿಯಡ್ ನನ್ನ ಕ್ಲಾಸಿದೆ. ಹೋಗಬಾರದು ಅಂತ ಹೆಡ್‌ಮಾಸ್ತರು ಅಂದಿದ್ದಾರೆ. ಆದ್ರೆ ಬಾಗಿಲು ನನ್ನದು. ತೆಗೆದೇ ಇಡ್ತೀನಿ. ಬರೋರು ಬನ್ನಿ." ಆಮೇಲೆ ಲೆಕ್ಕದ ಮೇಷ್ಟ್ರ ಕಡೆ ತಿರುಗಿ, "ನೀವೂ ಬನ್ನಿ ಸೊನ್ನೆಯವರೇ. ಡಸ್ಟರ್ ಎಸೆಯಲ್ಲ" ಅಂದರು.

ಮನೆಗೆ ಬಂದಮೇಲೆ ವಿಷಯ ತಮ್ಮನಿಗೂ ಗೊತ್ತಾಯಿತು. ಅವನು ಅಂಗಡಿಯ ಬಾಗಿಲು ಎಳೆದು ಬಂದು ಅಕ್ಕನ ಎದುರು ಕೂತ. ಹೆಂಡತಿಯನ್ನು ನೋಡಿ, "ನನಗೂ ಹೇಳಲಿಲ್ವಲ್ಲೇ" ಅಂದ.

"ಹೇಳಬೇಡ ಅಂದಿದ್ರು."

"ನಾನು ಗಂಡ ಕಣೇ."

"ಇರಬಹುದು. ನೀವು ತಂಡದಲ್ಲಿಲ್ವಲ್ಲ" ಅಂದಳು. ದೊಡ್ಡ ಮಿಸ್ ಅವಳ ತುಟಿ ನೋಡಿ ಗಹಗಹಿಸಿ ನಕ್ಕರು. ಅವನಿಗೂ ನಗು ಬಂತು. ನಗುತ್ತಲೇ ಕಣ್ಣೊರೆಸಿಕೊಂಡು, ಕಿವಿಯ ಡಾಕ್ಟರ ಹತ್ತಿರ ಶನಿವಾರವೇ ಹೋಗೋಣ ಅಂದ. ಅಕ್ಕ ಕಿವಿ ಕೇಳದವರಂತೆ ನಟಿಸಿದರು.

ಮಾರನೆಯ ದಿನ ಎರಡನೆಯ ಪೀರಿಯಡ್ಡಿಗೆ ಆರು ಜನ ಬಂದರು. ಪಾಠ ಇದ್ದವರು ತಮ್ಮ ಮಕ್ಕಳಿಗೆ ಲೆಕ್ಕ ಕೊಟ್ಟು ಕೂರಿಸಿ ಬಂದಿದ್ದರು. ಸೊನ್ನೆ ಮೇಷ್ಟ್ರು ಕಾಲು ಚಾಚಲಿಲ್ಲ, ಮುದುರಿಕೊಂಡು ಕೂತರು. ಪ್ರಶ್ನೆ ಕೇಳುವ ಮಕ್ಕಳು ಎದ್ದು ಹೋಗಿ ಬಲಗಡೆ ನಿಂತದ್ದನ್ನೂ, ದೊಡ್ಡ ಮಿಸ್ ಬಗ್ಗಿ ತುಟಿ ನೋಡಿ ಪ್ರಶ್ನೆಯನ್ನು ಇಡೀ ಕ್ಲಾಸಿಗೆ ತಿರುಗಿಸಿ ಎಸೆದದ್ದನ್ನೂ ನೋಡಿದರು.

ಸಂಜೆ ಕೂರಲು ಕೋಣೆಯಿರಲಿಲ್ಲ. ಆಟದ ಸಾಮಾನಿಡುವ ಶೆಡ್ಡಿನ ಹೊರಗೆ, ಮಕ್ಕಳ ಸೈಕಲ್ಲುಗಳ ಪಕ್ಕ ಉದ್ದನೆಯ ಬೆಂಚು ಹಾಕಿಕೊಂಡರು. ಯಾರು ನಡೆಸಬೇಕು ಅಂತ ಯಾರೂ ಕೇಳಲಿಲ್ಲ. ಎಲ್ಲರೂ ಚಿಕ್ಕ ಮಿಸ್ ಕಡೆ ನೋಡಿದರು.

"ನನಗೀಗ ಹುದ್ದೆ ಇಲ್ಲ" ಅಂದಳು.

"ನಮಗೇನು ಹುದ್ದೆ ಇತ್ತಾ?" ಅಂದರು ಸೊನ್ನೆ ಮೇಷ್ಟ್ರು. "ಶುರು ಮಾಡಿ ತಾಯಿ."

ಅವರು ಮಾತಾಡುತ್ತಿದ್ದಾಗ ಹೆಡ್‌ಮಾಸ್ತರು ಶಾಲೆಯ ಕಟ್ಟಡದ ಕಡೆಯಿಂದ ನಡೆದು ಬಂದರು. ಬೈಯುವುದಕ್ಕೇ ಬಂದಿದ್ದರೋ ಏನೋ. ಹತ್ತಿರ ಬಂದು ನಿಂತರು. ಯಾರೂ ಎದ್ದು ನಿಲ್ಲಲಿಲ್ಲ, ಮಾತೂ ನಿಲ್ಲಿಸಲಿಲ್ಲ. ಎರಡು ಜಡೆಯ ಹುಡುಗಿ ಅಂದು ಕೇಳಿದ ಪ್ರಶ್ನೆಯ ಮೇಲೆ ವಾದ ನಡೆದಿತ್ತು. ದೊಡ್ಡ ಮಿಸ್ ಬಲಗಿವಿಗೆ ಕೈ ಆನಿಸಿಕೊಂಡು ಎಲ್ಲರಿಗಿಂತ ಜೋರಾಗಿ ವಾದಿಸುತ್ತಿದ್ದರು.

"ನಾನು ಇದನ್ನ ಮೇಲಕ್ಕೆ ತಿಳಿಸಬೇಕಾಗುತ್ತೆ" ಅಂದರು ಹೆಡ್‌ಮಾಸ್ತರು.

"ತಿಳಿಸಿ ಸಾರ್. ಸಭೆ ನಡೀತಿದೆ ಅಂತ ತಿಳಿಸಿ. ಏನು ಮಾತಾಡಿದ್ರು ಅಂತ ಮಾತ್ರ ಹೇಳೋಕಾಗಲ್ಲ" ಅಂದಳು ಚಿಕ್ಕ ಮಿಸ್. ಆಮೇಲೆ ಬೆಂಚಿನ ತುದಿಯಲ್ಲಿ ಸರಿದು ಜಾಗ ಮಾಡಿದಳು. "ಅಥವಾ ಕೂತ್ಕೊಳ್ಳಿ."

ಅವರು ಅತ್ತಿತ್ತ ನೋಡಿದರು. ಕಚೇರಿಯವರು ನಾಳೆ ಏನು ಮಾಡುತ್ತಾರೋ ಅವರಿಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. ಪ್ಯಾಂಟಿನ ಮಂಡಿ ಎಳೆದುಕೊಂಡು, ನಿಟ್ಟುಸಿರು ಬಿಟ್ಟು, ಹೆಡ್‌ಮಾಸ್ತರು ಬೆಂಚಿನ ತುದಿಯಲ್ಲಿ ಕೂತರು.